ಕಾಣೆಯಾದ ಬೆಕ್ಕಿನ ಹಾದಿ ಕಾಯುತ್ತ

ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಬೆಕ್ಕು ಇದ್ದೀತು. ಅದು ಒಂದೆರಡು ದಿನ ಕಾಣದೆ ಹೋಗಿ ಮತ್ತೆ ಬಂದದ್ದೂ ಉಂಟು. ಆದುದರಿಂದ ಒಂದು ಬೆಕ್ಕು ಮನೆಬಿಟ್ಟ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆಯಹೊರಟ ನಮ್ಮನ್ನು ಕಂಡು ಕೆಲವರು ನಕ್ಕರೆ ನಮಗೆ ಬೇಸರವಿಲ್ಲ. ಐದು ತಿಂಗಳ ಹಿಂದೆಯಾಗಿದ್ದರೆ ನಾವೂ ನಗುತ್ತಿದ್ದೆವು.

2024ನೆಯ ಇಸವಿಯ ದೀಪಾವಳಿ ಅಮಾವಾಸ್ಯೆಯ ರಾತ್ರಿ. ಧಾರವಾಡದ ನಮ್ಮ ಓಣಿಯಲ್ಲಿ ಪೂಜೆಗಳೆಲ್ಲ ಮುಗಿದು ಪಟಾಕಿಯ ಸದ್ದು ಕಿವಿಗಡಚಿಕ್ಕುತ್ತಿತ್ತು. ಅಡಿಗೆಮನೆಯ ಮೂಲೆಯಲ್ಲಿ ಜೋಳದ ಚೀಲದ ಮೇಲೆ ಮುದುಡಿ ಮಲಗಿದ್ದ ನಮ್ಮ ಬೆಕ್ಕು ಒಂದು ಭಾರಿ ಸದ್ದಿಗೆ ಬೆದರಿ, ತೆರೆದಿದ್ದ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಗೋಡೆ ಹಾರಿ ಕತ್ತಲಲ್ಲಿ ಮಾಯವಾಯಿತು. ಅದರ ಬಾಲ ಗೋಡೆಯ ಮೇಲೆ ಕಂಡದ್ದೇ ಕೊನೆ ಎಂದು ನಮ್ಮ ಮೊಮ್ಮಗಳು ಹೇಳುತ್ತಾಳೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗಿನ ನಾದವನ್ನು ಗ್ರಹಿಸಿದರೆ ಬೆಕ್ಕಿನ ಕಿವಿ 60 ಸಾವಿರವನ್ನೂ ಮೀರಿದ ನಾದವನ್ನು ಗ್ರಹಿಸುತ್ತದೆ. ಗೋಡೆಯ ಸಂದಿಯಲ್ಲಿ ಇಲಿಮರಿಯ ಸಣ್ಣ ಕೀರಲು ದನಿಯನ್ನು ಕೇಳುವುದಕ್ಕೆಂದು ಅದಕ್ಕೆ ದೊರೆತ ಕಿವಿಗಳ ಬಳಿಯಲ್ಲಿ ನಾವು ಬಾಂಬು ಹೊಡೆಯುತ್ತೇವೆ! ಹಬ್ಬದ ಆ ಸಂಜೆ ಹಿತ್ತಲ ಬಾಗಿಲನ್ನು ಮುಚ್ಚಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೂರು ವರ್ಷದ ಗಂಡು ಬೆಕ್ಕು. ಬೂದಿ ಬಣ್ಣದ ಮೈ, ಬಲಗಿವಿಯ ತುದಿ ತುಸು ಹರಿದಿದೆ, ಹಣೆಯ ಮೇಲೆ ಮಾಸಲು ಬಿಳಿಯ ಮೂರು ಗೆರೆಗಳು. ಆ ಗೆರೆಗಳನ್ನು ಕಂಡು ಮೊಮ್ಮಗಳು ಅದಕ್ಕೆ ‘ಈಬತ್ತಿ’ ಎಂದು ಹೆಸರಿಟ್ಟಳು. ಗೆರೆಗಳು ಅಡ್ಡವಾಗಿರದೆ ಉದ್ದುದ್ದವಾಗಿವೆ, ಶಾಸ್ತ್ರಪ್ರಕಾರ ಇದು ನಾಮವೇ ಹೊರತು ವಿಭೂತಿಯಲ್ಲ ಎಂದು ನಾವು ತಕರಾರು ತೆಗೆದೆವು. ಪವಿತ್ರವಾದ ಭಸ್ಮದ ಹೆಸರನ್ನು ಇಲಿ ಹಿಡಿಯುವ ಪ್ರಾಣಿಗೆ ಇಡಬಹುದೆ ಎಂಬ ಅಳುಕೂ ಇತ್ತು. ಆದರೆ ಎಂಟು ವರ್ಷದ ಹುಡುಗಿಯೊಡನೆ ವಾದಿಸಿ ಗೆದ್ದ ಪಂಡಿತರು ಯಾರಿದ್ದಾರೆ? ವಾರ ಕಳೆಯುವಷ್ಟರಲ್ಲಿ ನಾವೂ “ಈಬತ್ತೀ” ಎಂದು ಕರೆಯತೊಡಗಿದ್ದೆವು. ಬೆಳಗಿನ ಜಾವ ನಾವು ಪೂಜೆಗೆ ಕುಳಿತಾಗ ಅದು ಬಂದು ಚಾಪೆಯ ಅಂಚಿಗೆ ಬೆನ್ನು ತಾಗಿಸಿ ಕುಳಿತುಕೊಳ್ಳುವುದು, ಪೂಜೆ ಮುಗಿಯುವ ತನಕ ಅಲುಗದಿರುವುದು ನಿತ್ಯದ ವಾಡಿಕೆಯಾಗಿತ್ತು. ಅದಕ್ಕೆ ಭಕ್ತಿಯಿತ್ತೆಂದು ನಾವು ಹೇಳುವುದಿಲ್ಲ. ಚಾಪೆ ಬೆಚ್ಚಗಿರುತ್ತಿತ್ತು, ಅಷ್ಟೆ.

ಮೊದಲ ಎರಡು ದಿನ ನಾವು ಯಾರೂ ಗಾಬರಿಯಾಗಲಿಲ್ಲ. ಗಂಡು ಬೆಕ್ಕು, ಎಲ್ಲಿಯೋ ಅಲೆದು ಹೊಟ್ಟೆ ಹಸಿದಾಗ ಬರುತ್ತದೆ ಎಂದುಕೊಂಡೆವು. ಮೂರನೆಯ ದಿನ ಪಶುವೈದ್ಯರನ್ನು ಕಂಡು ವಿಚಾರಿಸಿದಾಗ ಅವರು ಮೊದಲು ಕೇಳಿದ ಪ್ರಶ್ನೆ, ಬೆಕ್ಕಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿದ್ದೀರಾ ಎಂಬುದು. ಮಾಡಿಸಿರಲಿಲ್ಲ. ಮಾಡಿಸದ ಗಂಡು ಬೆಕ್ಕು ದೂರ ದೂರ ಅಲೆಯುತ್ತದೆ, ಬೇರೆ ಗಂಡುಗಳೊಡನೆ ಕಾದಾಡಿ ಗಾಯ ಮಾಡಿಕೊಳ್ಳುತ್ತದೆ ಎಂದು ಅವರು ತಿಳಿಸಿ ಹೇಳಿದರು. ಅಕ್ಕಿಕಾಳಿನಷ್ಟು ಚಿಕ್ಕದಾದ, 15 ಅಂಕಿಗಳ ಸಂಖ್ಯೆಯುಳ್ಳ ಗುರುತಿನ ಚಿಪ್ಪೊಂದನ್ನು ಚರ್ಮದಡಿಯಲ್ಲಿ ಇರಿಸುವ ಪದ್ಧತಿ ಈಗ ಇದೆಯೆಂಬುದನ್ನೂ ನಾವು ಅಂದೇ ಕೇಳಿದ್ದು. ಇನ್ನು ಕೇಳಿ ಫಲವೇನು?

ಅವರಿಂದಲೇ ಒಂದು ಸಂಶೋಧನೆಯ ವಿಷಯವೂ ತಿಳಿಯಿತು. ಆಸ್ಟ್ರೇಲಿಯಾದ ಪಶುವೈದ್ಯ ವಿಜ್ಞಾನಿ ಜಾಕಿ ರ‍್ಯಾಂಡ್ ಮತ್ತು ಅವರ ಸಂಗಡಿಗರು ಕಾಣೆಯಾದ 1,210 ಬೆಕ್ಕುಗಳ ವೃತ್ತಾಂತವನ್ನು ಸಾಕಿದವರಿಂದಲೇ ಕೇಳಿ ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದ್ದಾರೆ. ಅದರಂತೆ, ಕಾಣೆಯಾದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು 7 ದಿನಗಳೊಳಗೆ ಸಿಗುತ್ತವೆ. ವರ್ಷದೊಳಗೆ ಸಿಕ್ಕವು ನೂರಕ್ಕೆ 61. ಸಿಕ್ಕವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ತಪ್ಪಿಸಿಕೊಂಡ ಸ್ಥಳದಿಂದ ಅರ್ಧ ಕಿಲೋಮೀಟರಿನೊಳಗೇ ಇದ್ದವು. ಮನೆಯಲ್ಲಿ ಕುಳಿತು ಕಾಯುವುದಕ್ಕಿಂತ ಕಾಲ್ನಡಿಗೆಯಲ್ಲಿ ಹೋಗಿ ಹುಡುಕಿದವರಿಗೆ ಬೆಕ್ಕು ಜೀವಂತ ದೊರೆಯುವ ಸಂಭವ ಹೆಚ್ಚು. ಅದೇ ವರದಿಯಲ್ಲಿ ಮತ್ತೊಂದು ಮಾತಿದೆ: 90 ದಿನ ಕಳೆದ ಮೇಲೆ ಜೀವಂತ ಸಿಕ್ಕವು ಬಹಳ ಕಡಿಮೆ. ಮೊದಲಿನ ಅಂಕಿಗಳನ್ನೆಲ್ಲ ಮೊಮ್ಮಗಳಿಗೆ ಓದಿ ಹೇಳಿದೆವು. ಈ ಕಡೆಯದನ್ನು ಹೇಳಲಿಲ್ಲ.

ಅಂತೂ ಹುಡುಕಾಟ ಆರಂಭವಾಯಿತು. ಬೆದರಿದ ಬೆಕ್ಕು ಕೂಗಿ ಕರೆದರೂ ಓಗೊಡುವುದಿಲ್ಲ. ತನ್ನ ಯಜಮಾನನೇ ಎರಡು ಮೊಳ ದೂರದಲ್ಲಿ ನಿಂತಿದ್ದರೂ ಉಸಿರು ಬಿಗಿಹಿಡಿದು ಅಡಗಿರುತ್ತದೆ. ಆದುದರಿಂದ ಓಣಿ ಮಲಗಿದ ಮೇಲೆ, ರಾತ್ರಿ ಹತ್ತರ ತರುವಾಯ, ಬ್ಯಾಟರಿ ಹಿಡಿದು ಹೊರಡಬೇಕು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ; ಮೈ ಕಾಣದಿದ್ದರೂ ಕಣ್ಣುಗಳು ಎರಡು ಹಣತೆಗಳಂತೆ ಹೊಳೆಯುತ್ತವೆ. ಅರವತ್ತು ದಾಟಿದ ನಾವು, ರುಮಾಲು ಸುತ್ತಿ, ಶಾಲು ಹೊದ್ದು, ಮಗನ ಜೊತೆಯಲ್ಲಿ ಅನ್ಯರ ಹಿತ್ತಿಲುಗಳಲ್ಲಿ ಬಗ್ಗಿ ಬಗ್ಗಿ ಕಟ್ಟಿಗೆಯ ಒಟ್ಟಿಲು, ಬಚ್ಚಲ ಮೋರಿ, ನಿಂತ ಟ್ರ್ಯಾಕ್ಟರಿನ ಅಡಿ, ಇವುಗಳಿಗೆ ಬೆಳಕು ಬಿಟ್ಟು ನೋಡಿದೆವು. ಕಣ್ಣುಗಳೇನೋ ಹೊಳೆದವು. ಹೊಳೆದವೆಲ್ಲ ಬೇರೆ ಬೆಕ್ಕುಗಳ ಕಣ್ಣುಗಳು. ನಮ್ಮ ಓಣಿಯಲ್ಲಿ ಇಷ್ಟೊಂದು ಬೆಕ್ಕುಗಳಿವೆ ಎಂಬುದೇ ನಮಗೆ ತಿಳಿದಿರಲಿಲ್ಲ.

ಬೆಕ್ಕುಗಳಿರಲಿ, ಮನುಷ್ಯರು ಇದ್ದಾರೆಂಬುದೂ ತಿಳಿದಿರಲಿಲ್ಲ. ಹಬ್ಬಕ್ಕೆಂದು ಬೀಗ ಹಾಕಿ ಊರಿಗೆ ಹೋದವರ ಮನೆಯೊಳಗೆ ಬೆಕ್ಕು ಸಿಕ್ಕಿಬೀಳುವುದು ಸಾಮಾನ್ಯವೆಂದು ಕೇಳಿ, ಬೀಗ ಹಾಕಿದ ಮನೆಗಳನ್ನು ಎಣಿಸುತ್ತ ಹೋದಾಗ, ನಾಲ್ಕು ಮನೆಗಳಾಚೆ ಒಬ್ಬ ವೃದ್ಧೆ ಎರಡು ವರ್ಷಗಳಿಂದ ಒಬ್ಬಳೇ ಇದ್ದಾಳೆಂಬುದು ನಮಗೆ ಮೊದಲ ಸಲ ಗೊತ್ತಾಯಿತು. ಆಕೆಯ ಬಾಗಿಲನ್ನು ತಟ್ಟಿ, ನಮ್ಮ ಬೆಕ್ಕನ್ನು ಕಂಡಿರಾ ತಾಯಿ ಎಂದು ಕೇಳಿದೆವು. “ಬೆಕ್ಕ ಕಂಡಿಲ್ರೀ ಅಪ್ಪಾರ, ಬರ್ರಿ, ಚಹಾ ಕುಡದ್ ಹೋಗ್ರಿ” ಎಂದಳು. ಆ ದಿನ ಅರ್ಧ ತಾಸು ಅಲ್ಲಿಯೇ ಕಳೆಯಿತು. ಅನಂತರ ನಮ್ಮ ಮನೆಯವರು ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುತ್ತಾರೆ.

ಓಣಿಯ ಕಿರಾಣಿ ಅಂಗಡಿ, ಹಾಲಿನ ಅಂಗಡಿ, ಗುಡಿಯ ಬಾಗಿಲು, ಇಲ್ಲೆಲ್ಲ ಅಂಟಿಸಲೆಂದು ಒಂದು ಪ್ರಕಟಣೆ ಬರೆದುಕೊಟ್ಟೆವು. ‘ಭಸ್ಮವರ್ಣದ ಮಾರ್ಜಾಲವೊಂದು ಕಾಣೆಯಾಗಿದ್ದು, ಸದರಿ ಮಾರ್ಜಾಲವನ್ನು ಕಂಡ ಸಜ್ಜನರು’ ಎಂದು ಆರಂಭವಾಗುವ ನಮ್ಮ ಒಕ್ಕಣೆಯನ್ನು ಮೊಮ್ಮಗಳು ಓದಿ, “ಅಜ್ಜಾ, ಮಾರ್ಜಾಲ ಅಂದ್ರ ಬಲೀ ಅಂತ ತಿಳೀತಾರ” ಎಂದು ಹೊಡೆದುಹಾಕಿ, ‘ನಮ್ಮ ಬೆಕ್ಕು ಕಳೆದಿದೆ. ಹಣೆ ಮ್ಯಾಲ ಈಬತ್ತಿ ಅದ’ ಎಂದು ದಪ್ಪ ಅಕ್ಷರಗಳಲ್ಲಿ ತಾನೇ ಬರೆದಳು. ಅದಕ್ಕೆ ಫೋಟೋ ಸೇರಿಸಿ ಮಗ ಪ್ರತಿ ತೆಗೆಸಿದ. ನಾವು ನಾಲ್ಕು ದಶಕಗಳಿಂದ ಬರೆದ ಯಾವ ಲೇಖನವನ್ನೂ ಊರ ಜನ ಈ ಎರಡು ವಾಕ್ಯಗಳಷ್ಟು ಗಮನವಿಟ್ಟು ಓದಿಲ್ಲ.

ಸುದ್ದಿ ಹರಡಿದೊಡನೆ ಸಲಹೆಗಳೂ ಬಂದವು. ಅಂಜನ ಹಾಕಿಸಿ ನೋಡಿರಿ, ಬೆಕ್ಕು ಯಾವ ದಿಕ್ಕಿನಲ್ಲಿದೆಯೆಂದು ತಿಳಿಯುತ್ತದೆ ಎಂದರು ಒಬ್ಬರು. ಬೆಕ್ಕು ಮನೆಬಿಟ್ಟು ಹೋಗುವುದು ಮನೆಗೆ ಒಳ್ಳೆಯದಲ್ಲ, ಶಾಂತಿ ಮಾಡಿಸಿರಿ ಎಂದರು ಇನ್ನೊಬ್ಬರು. ಸ್ವಾರಸ್ಯವೆಂದರೆ, ಈ ಎರಡನೆಯವರೇ ಬೆಕ್ಕು ಅಡ್ಡ ಬಂದರೆ ಹೆಜ್ಜೆ ಹಿಂದಿಟ್ಟು ನಿಲ್ಲುವವರು! ಬಂದರೂ ಅಪಶಕುನ, ಹೋದರೂ ಅಪಶಕುನ. ಪಾಪ, ಆ ಪ್ರಾಣಿ ಇರಬೇಕಾದುದಾದರೂ ಎಲ್ಲಿ? ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವರು ಶಕುನ ನೋಡಬಾರದು, ಕಣಿ ಕೇಳಬಾರದು ಎಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಕಟುವಾಗಿಯೇ ಹೇಳಿಹೋಗಿದ್ದಾರೆ. ಅಂಜನದ ಮಾತನ್ನು ನಾವು ಅಲ್ಲಿಗೇ ತಡೆದೆವು. ಆದರೆ ನಮ್ಮ ಮನೆಯವರು ವೀರಭದ್ರ ದೇವರಿಗೆ ಒಂದು ತೆಂಗಿನಕಾಯಿಯ ಹರಕೆ ಹೊತ್ತಿದ್ದಾರೆಂಬುದು ಮರುವಾರ ತಿಳಿದುಬಂದಿತು. ಅದಕ್ಕೆ ನಾವು ಏನೂ ಅನ್ನಲಿಲ್ಲ. ಅನ್ನುವ ಧೈರ್ಯ ಬರಲಿಲ್ಲವೆಂದು ಬರೆದರೆ ಹೆಚ್ಚು ಸತ್ಯವಾದೀತು.

ಇನ್ನು ನಮಗೆ ನಾಚಿಕೆ ತರುವ ಭಾಗಕ್ಕೆ ಬರಬೇಕು.

ನಮ್ಮದು ಶಾಕಾಹಾರಿ ಮನೆತನ. ಬೆಕ್ಕಿಗೆ ಹಾಲು ಅನ್ನ, ಒಮ್ಮೊಮ್ಮೆ ತುಪ್ಪ ಸವರಿದ ರೊಟ್ಟಿಯ ಚೂರು. ಪಶುವೈದ್ಯರು ಹೇಳುವಂತೆ ಬೆಕ್ಕು ಶುದ್ಧ ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ದ್ರವ್ಯವನ್ನು ಅದರ ಶರೀರ ಸಾಕಷ್ಟು ತಯಾರಿಸಲಾರದು. ಆಹಾರದಿಂದ ಅದು ದೊರೆಯದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಕೆಡುತ್ತದೆ. ಹಾಲು ಕೂಡ ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಜೀರ್ಣವಾಗದಂತೆ! ಹಾಗಿದ್ದರೆ ನಮ್ಮ ಈಬತ್ತಿ ಮೂರು ವರ್ಷ ದುಂಡಗಿದ್ದುದು ಹೇಗೆ? ಹಿತ್ತಲಲ್ಲಿ ಅದು ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂಬ ಗಾದೆಯಿದೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿಕೊಂಡವರು ನಾವು.

ಹಿತ್ತಲ ಗೋಡೆಯಾಚೆಯ ನೆರೆಯವರು ಪಾರಿವಾಳ ಸಾಕಿದ್ದಾರೆ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಈಬತ್ತಿ ಅವರ ಗೂಡಿಗೆ ನುಗ್ಗಿ ಒಂದು ಬಿಳಿಯ ಪಾರಿವಾಳವನ್ನು ಕೊಂದಿತು. ಅವರು ಆ ಗರಿಗಳನ್ನು ಒಂದು ಮರದ ಮೊರದಲ್ಲಿ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲಿಟ್ಟು, “ಶಾಸ್ತ್ರಿಗಳ, ಇನ್ನೊಮ್ಮೆ ಬಂತಂದ್ರ ಚೀಲದಾಗ ಹಾಕ್ಕೊಂಡ ದೂರ ಬಿಟ್ಟ ಬರ್ತೇನಿ, ಆಮ್ಯಾಲ ಕೇಳಬ್ಯಾಡ್ರಿ” ಎಂದರು. ಅವರ ದನಿ ನಡುಗುತ್ತಿತ್ತು. ನಾವು ಅಂದು, ಪ್ರಾಣಿಯ ಸ್ವಭಾವಕ್ಕೆ ನಾವೇನು ಮಾಡುವುದು ಎಂದು ಎರಡು ಮಾತು ಆಡಿ ಒಳಗೆ ಬಂದುಬಿಟ್ಟಿದ್ದೆವು. ಕ್ಷಮೆ ಕೇಳಲಿಲ್ಲ.

ದೀಪಾವಳಿಯ ಅನಂತರ ಈ ಮಾತು ಮನಸ್ಸಿನಲ್ಲಿ ಹುಳುವಿನಂತೆ ಕೊರೆಯತೊಡಗಿತು. ಪಟಾಕಿಯ ಗದ್ದಲದಲ್ಲಿ ಬೆಕ್ಕು ಅವರ ಹಿತ್ತಲಿಗೇ ಹಾರಿದೆ. ಹಿಡಿದಿರಬೇಕು, ಚೀಲದಲ್ಲಿ ಹಾಕಿರಬೇಕು. ಒಂದು ದಿನವೂ ನಾವು ಅವರನ್ನು ಕೇಳಲಿಲ್ಲ. ಕೇಳದೆಯೇ ತೀರ್ಮಾನ ಮಾಡಿದೆವು. ಮೂವತ್ತು ವರ್ಷಗಳಿಂದ ಬೆಳಿಗ್ಗೆ ಎದುರಾದಾಗಲೆಲ್ಲ “ಶರಣ್ರಿ” ಎನ್ನುತ್ತಿದ್ದವರು ನಾವು, ಮುಖ ತಿರುಗಿಸಿ ನಡೆದೆವು. ಓಣಿಯಲ್ಲಿ ಮನೆ ಮನೆಯ ಬಾಗಿಲು ತಟ್ಟಿದವರು ಆ ಒಂದು ಬಾಗಿಲನ್ನು ತಟ್ಟಲಿಲ್ಲ. ಪ್ರವಚನಗಳಲ್ಲಿ ಅನ್ಯರ ಬಗೆಗೆ ಅಸಹ್ಯಪಡಬಾರದೆಂದು ಎಷ್ಟು ಸಲ ಹೇಳಿದ್ದೇವೆಂಬುದಕ್ಕೆ ಲೆಕ್ಕವಿಲ್ಲ.

ಚೀಲದ ಮಾತು ನಮ್ಮನ್ನು ಅಷ್ಟೊಂದು ಚುಚ್ಚಲು ಬೇರೊಂದು ಕಾರಣವಿತ್ತು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. 1970ರ ಸುಮಾರಿನ ಮಾತು. ನಾವಿನ್ನೂ ಮಠವನ್ನು ಸೇರಿರಲಿಲ್ಲ, ಹತ್ತು ವರ್ಷದ ಹುಡುಗ. ಮಲಪ್ರಭೆಯ ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿತು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ಹಿರಿಯರು ಹೇಳುತ್ತಾರೆ; ಇದು ಎರಡನೆಯ ಮನೆಯನ್ನೂ ನೋಡಲಿಲ್ಲ. ತಂದೆಯವರು ಒಂದು ಗೋಣಿಚೀಲ ಕೊಟ್ಟು, ಹಳ್ಳದ ಆಚೆ ಬಿಟ್ಟು ಬಾ, ಚೀಲದ ಬಾಯಿ ಬಿಗಿಯಾಗಿ ಕಟ್ಟು, ದಾರಿ ಕಾಣಬಾರದು ಎಂದರು. ಕೊಲ್ಲು ಎನ್ನಲಿಲ್ಲ. ಬೆಕ್ಕನ್ನು ಕೊಂದವನು ಬಂಗಾರದ ಬೆಕ್ಕನ್ನು ಮಾಡಿಸಿ ದಾನ ಕೊಟ್ಟರೂ ದೋಷ ತೀರದೆಂಬ ಭಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಚೀಲವೆಂಬುದು ಆ ಭಯಕ್ಕೆ ನಮ್ಮ ಜನ ಕಂಡುಕೊಂಡ ಉಪಾಯ: ಕೈಗೆ ರಕ್ತ ಅಂಟುವುದಿಲ್ಲ, ಹಸಿವೆಯೋ ನಾಯಿಯೋ ಉಳಿದುದನ್ನು ನೋಡಿಕೊಳ್ಳುತ್ತವೆ. ಕಣ್ಣು ತೆರೆದು ವಾರವಾಗಿದ್ದ ಆ ನಾಲ್ಕು ಮರಿಗಳನ್ನು ನಾವು ಒಂದು ಜಾಲಿಯ ಪೊದೆಯ ಬುಡದಲ್ಲಿ ಸುರುವಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದೆವು. ತಾಯಿಬೆಕ್ಕು ಮೂರು ರಾತ್ರಿ ಪಡಸಾಲೆಯಿಂದ ಅಟ್ಟಕ್ಕೆ, ಅಟ್ಟದಿಂದ ಕೊಟ್ಟಿಗೆಗೆ ಕೂಗುತ್ತ ತಿರುಗಿತು. ನಮ್ಮ ಹಾಸಿಗೆಯ ಹತ್ತಿರವೂ ಬಂದು ಮೂಸಿ ನೋಡಿ ಹೋಯಿತು. ಮರಿಗಳ ವಾಸನೆ ನಮ್ಮ ಕೈಯಲ್ಲಿ ಇನ್ನೂ ಇದ್ದಿತೋ ಏನೋ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆದು ಬರುವುದು ಅಪರಾಧವೆಂಬುದನ್ನು ಎಷ್ಟೋ ವರ್ಷಗಳ ಮೇಲೆ ಓದಿದೆವು. ಹತ್ತು ವರ್ಷದವನಿಗೆ ಕಾಯಿದೆ ತಿಳಿಯದು. ಆದರೆ ಆ ಮೂರು ರಾತ್ರಿಗಳ ಕೂಗು ತಿಳಿದಿತ್ತು.

ಇತ್ತ ನಮ್ಮ ಹುಡುಕಾಟವನ್ನು ಕಂಡು ಹಳೆಯ ಶಿಷ್ಯರೊಬ್ಬರು, ವಿನೋದಕ್ಕೋ ವಿಚಾರಕ್ಕೋ, ಭಾಗವತದ ಭರತನ ಕಥೆಯನ್ನು ನೆನಪಿಸಿದರು. ರಾಜ್ಯವನ್ನು ತೊರೆದು ತಪಸ್ಸಿಗೆ ಬಂದ ಭರತ ತಾಯಿಯಿಲ್ಲದ ಜಿಂಕೆಯ ಮರಿಯೊಂದನ್ನು ಸಾಕಿ, ಅದು ಕಣ್ಣಿಗೆ ಕಾಣದಾದಾಗ ಹಂಬಲಿಸಿ, ಕೊನೆಯುಸಿರಿನಲ್ಲಿಯೂ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದನು. ಈ ಕಥೆಯನ್ನು ನಾವೂ ಅನೇಕ ಸಲ ಮುಗುಳುನಗುತ್ತ ಹೇಳಿದವರೇ. ಈಗ ಅದು ನಮ್ಮನ್ನೇ ಕೇಳಿತು. ನಿಜವನ್ನು ಮುಚ್ಚಿಡುವುದೇಕೆ? ಎಡದ ಅಂಗೈಯಲ್ಲಿ ಲಿಂಗವಿತ್ತು, ದೃಷ್ಟಿ ಲಿಂಗದಲ್ಲಿತ್ತು. ಕಿವಿ ಮಾತ್ರ ಹಿತ್ತಲ ಬಾಗಿಲಿನಲ್ಲಿತ್ತು. ಚಾಪೆಯ ಅಂಚು ತಣ್ಣಗಿರುವುದು ಪೂಜೆಯ ನಡುವೆಯೂ ತಿಳಿಯುತ್ತಿತ್ತು. ಇದು ಮೋಹವೆಂದರೆ ನಾವು ಅಲ್ಲಗಳೆಯುವುದಿಲ್ಲ. ಆದರೆ ಭರತನ ಕಥೆಯಲ್ಲಿ ದೋಷವಿರುವುದು ತಪಸ್ಸನ್ನು ಕೈಬಿಟ್ಟುದರಲ್ಲಿಯೇ ಹೊರತು ನೀರಿನಲ್ಲಿ ತೇಲಿಹೋಗುತ್ತಿದ್ದ ಮರಿಯನ್ನು ಎತ್ತಿಕೊಂಡುದರಲ್ಲಿ ಅಲ್ಲವೆಂದು ನಮ್ಮ ಅಭಿಪ್ರಾಯ. ಪಂಡಿತರು ಬೇಕಾದರೆ ಚರ್ಚಿಸಲಿ.

ನಮಗೆ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾದುದು ಬಸವಣ್ಣನವರ ಜೀವನದಲ್ಲಿ ಹೇಳುತ್ತ ಬಂದಿರುವ ಹಸುಗಳ ಪ್ರಸಂಗ. ಅವರ ಮನೆಯ ಕರೆಯುವ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಆಳುಗಳು ಬೆನ್ನಟ್ಟಲು ಸಿದ್ಧರಾದಾಗ ಬಸವಣ್ಣನವರು ಅವರನ್ನು ತಡೆದು, ಕರುಗಳು ಇಲ್ಲಿ ಹಸಿದು ಕೂಗುತ್ತವೆ, ಅವನ್ನೂ ಒಯ್ದು ಅವರಿಗೇ ಕೊಟ್ಟುಬನ್ನಿರೆಂದರು. ಈ ಪ್ರಸಂಗವನ್ನು ಕಳ್ಳರನ್ನು ಕ್ಷಮಿಸಿದ ಔದಾರ್ಯಕ್ಕೆ ನಿದರ್ಶನವಾಗಿ ಹೇಳುವುದು ರೂಢಿ. ನಾವೂ ಹಾಗೆಯೇ ಹೇಳುತ್ತಿದ್ದೆವು. ಈಗ ನೋಡಿದರೆ, ಅಲ್ಲಿ ಕಳ್ಳರ ಮಾತು ಎರಡನೆಯದು. ಹಸು ಯಾರದೆಂಬ ಪ್ರಶ್ನೆಯನ್ನು ಅವರು ಬಿಟ್ಟುಬಿಟ್ಟರು, ಹಸು ಕರುಗಳ ಅಗಲಿಕೆಯನ್ನು ಮಾತ್ರ ಹಿಡಿದರು. ನಾವಾದರೋ ಅಗಲಿಕೆಯನ್ನು ಬಿಟ್ಟು ಕಳ್ಳನನ್ನು ಹುಡುಕುತ್ತ ಕುಳಿತಿದ್ದೆವು.

ಛಟ್ಟಿ ಅಮಾವಾಸ್ಯೆ ಸಮೀಪಿಸಿದಾಗ ಒಂದು ಸಂಜೆ ಮುಂಬಾಗಿಲಿನಲ್ಲಿ ಯಾರೋ ಕರೆದಂತಾಯಿತು. ಹೋಗಿ ನೋಡಿದರೆ ಪಾರಿವಾಳದ ಮನೆಯವರು. ಕೈಯಲ್ಲಿ ಗೋಣಿಚೀಲ, ಚೀಲ ಮಿಸುಕುತ್ತಿದೆ. ಎರಡೂ ಮುಂಗೈಗಳ ಮೇಲೆ ಉಗುರಿನ ಗೀರುಗಳು, ಒಂದೆಡೆ ರಕ್ತ ಒಸರುತ್ತಿದೆ. “ಹಳೇ ಬಸ್‌ಸ್ಟ್ಯಾಂಡಿನ ಹತ್ರ ಸಿಕ್ತ್ರಿ ಶಾಸ್ತ್ರಿಗಳ. ಚೀಟಿ ನೋಡಿದ್ದೆ. ನಿಮ್ಮದ ಇರಬೇಕು ನೋಡ್ರಿ” ಎಂದರು. ನಾವು ಅವರಿಗೆ ಕೊಡದಿದ್ದ ಚೀಟಿ ಅದು. ಕಿರಾಣಿ ಅಂಗಡಿಯಲ್ಲಿ ಓದಿದ್ದರಂತೆ. ಬಾಗಿಲು ಮುಚ್ಚಿ ಚೀಲ ಬಿಚ್ಚಿದೆವು. ಬೂದಿ ಬಣ್ಣದ ಬೆಕ್ಕೇ, ಗಂಡೇ. ಮೊಮ್ಮಗಳು ದೀಪ ಹಿಡಿದು ಬಗ್ಗಿ ನೋಡಿದಳು. ಹಣೆಯಲ್ಲಿ ಗೆರೆಯಿರಲಿಲ್ಲ, ಕಿವಿ ಹರಿದಿರಲಿಲ್ಲ. “ಇದು ಅಲ್ಲ” ಎಂದು ಒಳಗೆ ಹೋದಳು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮಗ, ಇರಲಿ ಬಿಡು, ಇದನ್ನೇ ಸಾಕೋಣ ಎಂದ. ಆಗ ಒಳಗಿನಿಂದಲೇ ಹುಡುಗಿಯ ದನಿ ಬಂದಿತು: “ಬ್ಯಾಡಪ್ಪಾ, ಅದನ್ನ ಯಾರರೆ ಹುಡುಕಾಡಕತ್ತಿರಬೇಕು.” ನೆರೆಯವರು ಮರುಮಾತಾಡದೆ ಚೀಲವನ್ನು ಎತ್ತಿಕೊಂಡರು. ನಾವೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟೆವು. ಅವರು ಹಿಡಿದ ಜಾಗದಲ್ಲಿಯೇ, ಒಂದು ಬಾಳೆಹಣ್ಣಿನ ಅಂಗಡಿಯ ಹಿಂದೆ, ಚೀಲ ಬಿಚ್ಚಿದೆವು. ಬೆಕ್ಕು ಹಿಂತಿರುಗಿ ನೋಡದೆ ಒಂದು ಸಂದಿಯೊಳಗೆ ನುಸುಳಿಹೋಯಿತು. ದಾರಿಯಲ್ಲಿ ಬರುತ್ತ ಶ್ರಾವಣದ ಆ ಬೆಳಗಿನ ಪಾರಿವಾಳಕ್ಕಾಗಿ ಕ್ಷಮೆ ಕೇಳಿದೆವು. ಮುಂದಿನ ತಿಂಗಳುಗಳ ಸಂಶಯಕ್ಕಾಗಿಯೂ ಕೇಳಬೇಕೆಂದಿದ್ದೆವು; ನಾಲಗೆ ಹೊರಳಲಿಲ್ಲ. ಅವರಿಗೆ ತಿಳಿಯದೆ ಇರಲಿಲ್ಲವೆಂದು ಕಾಣುತ್ತದೆ. “ಅದು ಜೋಡೀ ಪಾರಿವಾಳ ಇತ್ರಿ, ಅದಕ್ಕ ನನಗ ಸಿಟ್ಟ ಬಂತು” ಎಂದಷ್ಟೆ ಹೇಳಿದರು. ಉಳಿದ ಒಂಟಿ ಪಾರಿವಾಳ ಎಷ್ಟೋ ದಿನ ಗೂಡಿನ ಮೇಲೆಯೇ ಕುಳಿತಿರುತ್ತಿತ್ತಂತೆ.

ಈಗ 2025ರ ಯುಗಾದಿಯೂ ಆಗಿಹೋಗಿದೆ. ಈಬತ್ತಿ ಬಂದಿಲ್ಲ. ಮನೆಯಲ್ಲಿ ಒಬ್ಬರು ಲಿಂಗೈಕ್ಯರಾದರೆ ಸಮಾಧಿಕ್ರಿಯೆಯುಂಟು, ಆರಾಧನೆಯುಂಟು. ದುಡಿದ ಎತ್ತು ಸತ್ತರೂ ಒಕ್ಕಲಿಗನು ಅರಿಷಿಣ ಕುಂಕುಮವಿಟ್ಟು ಹೊಲದಲ್ಲಿಯೇ ಮಣ್ಣು ಮಾಡುತ್ತಾನೆ. ಕಾಣೆಯಾದವರಿಗೆ ಯಾವ ವಿಧಿಯೂ ಇಲ್ಲ. ಅಳುವುದು ಅಶುಭವೆನಿಸುತ್ತದೆ, ಅಳದಿರುವುದು ನಿರ್ದಯವೆನಿಸುತ್ತದೆ. ಅಮೆರಿಕದ ವಿದುಷಿ ಪಾಲಿನ್ ಬಾಸ್ ಯುದ್ಧದಲ್ಲಿ ಕಾಣೆಯಾದ ಯೋಧರ ಮನೆಯವರ ಸ್ಥಿತಿಯನ್ನು ಅಭ್ಯಸಿಸಿ, ಇದ್ದಾರೋ ಇಲ್ಲವೋ ತಿಳಿಯದ ಈ ನಷ್ಟಕ್ಕೆ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟು 1999ರಲ್ಲಿ ಗ್ರಂಥವೊಂದನ್ನು ಬರೆದಿದ್ದಾರೆ. ಕೊನೆಯಿಲ್ಲದ ಕಾರಣ ಇಂಥ ದುಃಖ ಹೆಪ್ಪುಗಟ್ಟಿ ನಿಲ್ಲುತ್ತದೆಂಬುದು ಅವರ ವಿವೇಚನೆಯ ತಿರುಳು. ಮಕ್ಕಳನ್ನೋ ಗಂಡನನ್ನೋ ಕಳೆದುಕೊಂಡು ಕಾಯುತ್ತಿರುವವರ ಮುಂದೆ ಬೆಕ್ಕಿನ ಮಾತೆತ್ತುವುದು ನಮಗೆ ಒಪ್ಪುವುದಿಲ್ಲ. ಆದರೆ ಅಂಥವರ ಬಾಗಿಲು ಸದ್ದಾದಾಗ ಏನಾಗುತ್ತಿದ್ದೀತೆಂಬುದರ ಒಂದು ಎಳೆ ನಮಗೆ ಈಗ ತಿಳಿದಂತಿದೆ.

ಒಬ್ಬ ಭಕ್ತರು ಕರಿಯ ಮರಿಯೊಂದನ್ನು ತಂದುಕೊಡುತ್ತೇವೆಂದು ಹೇಳಿ ಕಳುಹಿಸಿದ್ದರು. ಮೊಮ್ಮಗಳು ಯೋಚಿಸಿ, ಬೇಸಗೆ ಸೂಟಿ ಮುಗಿಯಲಿ ಎಂದಿದ್ದಾಳೆ. ಯಾಕೆ ಸೂಟಿ ಮುಗಿಯಬೇಕೆಂದು ನಾವು ಕೇಳಲಿಲ್ಲ. ಆಕೆಯ ಲೆಕ್ಕದಲ್ಲಿ ಏನೋ ಒಂದು ಅವಧಿಯಿದೆ. ರಾತ್ರಿಯ ಬ್ಯಾಟರಿ ಈಗ ದಿನವೂ ಹೊರಡುವುದಿಲ್ಲ, ವಾರಕ್ಕೊಮ್ಮೆ ಹೊರಡುತ್ತದೆ; ಮಗನಿಗೆ ಬದಲಾಗಿ ಒಮ್ಮೊಮ್ಮೆ ನೆರೆಯವರು ಜೊತೆಗೆ ಬರುತ್ತಾರೆ. ಹಿತ್ತಲ ಬಾಗಿಲನ್ನು ರಾತ್ರಿ ಭದ್ರಪಡಿಸುತ್ತೇವೆ. ಆದರೆ ಅಡಿಗೆಮನೆಯ ಕಿಟಕಿಯ ಒಂದು ಬಾಗಿಲನ್ನು ನಮ್ಮ ಮನೆಯವರು ಗೇಣುದ್ದ ತೆರೆದೇ ಇಡುತ್ತಾರೆ.

ಮೊನ್ನೆ ಅಡ್ಡಮಳೆ ಬಂದ ದಿನ ನಾವು, ಇದು ಧಾರವಾಡದ ಮಳೆ, ಜೂನ್ ಬಂದಿತೆಂದರೆ ನೀರೆಲ್ಲ ಒಳಗೇ ಬೀಳುತ್ತದೆಂದು ಅವರಿಗೆ ಹೇಳಿ ನೋಡಿದೆವು.

“ಬಿದ್ದರ ಒರಸತೇನ್ ಬಿಡ್ರಿ” ಎಂದರು.